ನನ್ನ ತಂಗಿಯ ಹಸಿವು

ಅರವತ್ತರ ದಶಕದ ಆರಂಭ. ನಾನು ಮದುವೆಯಾಗಿ ಶಿವಮೊಗ್ಗಕ್ಕೆ ಬಂದಿದ್ದೆ. ತವರು ಭದ್ರಾವತಿ, ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ತಂಗಿ ಗಿರಿಜೆಗೆ ಆಗ ಹದಿನಾರು ವರ್ಷ.

ಕಡ್ಡಿಯಂತಿದ್ದ ಹುಡುಗಿ ನೋಡನೋಡುತ್ತಲೇ ದಪ್ಪಗಾದಳು. ಊಟ ಮಾಡಿ ಕೈ ತೊಳೆದವಳೇ ಮತ್ತೆ ರೊಟ್ಟಿ ಡಬ್ಬಿ ತೆಗೆಯುತ್ತಿದ್ದಳು. ತಲೆನೋವು ಎಂದರೆ ಅಮ್ಮ, "ತಿಂದಿದ್ದು ಹೆಚ್ಚಾಗಿ ಬಂದಿರೋದು" ಎನ್ನುತ್ತಿದ್ದಳು. ನೋಡಲು ಬಂದ ಗಂಡಿನ ಕಡೆಯವರು ಮತ್ತೆ ಇತ್ತ ತಲೆ ಹಾಕಲಿಲ್ಲ. ಅಮ್ಮ ಸೋಮವಾರದ ಒಪ್ಪತ್ತು ಹಿಡಿಸಿದಳು, ಬೆಳಗಿನ ಲಿಂಗಪೂಜೆಯನ್ನೂ ಉದ್ದ ಮಾಡಿಸಿದಳು. ಪೂಜೆ ಮುಗಿಯದೆ ನಮ್ಮಲ್ಲಿ ಯಾರೂ ಏನೂ ತಿನ್ನುವಂತಿಲ್ಲ. ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತ ಗಿರಿಜೆಯ ಕಣ್ಣು ಅಡುಗೆಮನೆಯ ಬಾಗಿಲಲ್ಲೇ ಇರುತ್ತಿತ್ತು.

ಆ ಸಲ ಶಿವರಾತ್ರಿಗೆ ನಾನು ತವರಿಗೆ ಹೋಗಿದ್ದೆ. ಪೂಜೆಗೆಂದು ಮಾಡಿಟ್ಟಿದ್ದ ತಂಬಿಟ್ಟನ್ನು ಗಿರಿಜೆ ಮಧ್ಯಾಹ್ನವೇ ಒಂದೂ ಬಿಡದೆ ತಿಂದುಬಿಟ್ಟಳು.

"ದೇವರಿಗಿಟ್ಟಿದ್ದನ್ನೂ ಬಿಡಲ್ವಲ್ಲೇ! ಒಂದು ದಿನ ಬಾಯಿ ಕಟ್ಟೋಕಾಗಲ್ವಾ?" ಎಂದು ಅಮ್ಮ ಸೌಟಿನಲ್ಲೇ ಹೊಡೆದಳು.

"ಆಸೆಗೆ ತಿನ್ನಲ್ಲಮ್ಮ, ಹಸಿವಾಗುತ್ತೆ. ತಡೆಯೋಕಾಗಲ್ಲ," ಎಂದು ಅವಳು ಬಿಕ್ಕಿದಳು.

ನಾನು ನೀರು ತಂದುಕೊಟ್ಟೆ. ಅವಳ ಕೈ ಲೋಟವನ್ನು ಬಿಟ್ಟು ಪಕ್ಕದಲ್ಲಿ ತಡಕಾಡಿತು. ಅವಳಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ.

ಮರುದಿನವೇ ಅವಳನ್ನು ಶಿವಮೊಗ್ಗಕ್ಕೆ ಕರೆತಂದೆವು. ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ತಲೆಯ ಎಕ್ಸ್‌ರೇ ತೆಗೆಸಿದರು. ಆಮೇಲೆ ಅಮ್ಮನನ್ನು ಕೂರಿಸಿ ಹೇಳಿದರು: "ಮಿದುಳಿನ ಬುಡದಲ್ಲಿ ಗಡ್ಡೆ ಬೆಳೆದಿದೆ ತಾಯಿ. ಹೊಟ್ಟೆ ತುಂಬ್ತು, ಸಾಕು ಅಂತ ತಿಳಿಸೋ ಜಾಗ ಅಲ್ಲೇ ಇರೋದು. ಅದು ಕೆಟ್ಟಿದೆ. ಎಷ್ಟು ತಿಂದ್ರೂ ಇವಳಿಗೆ ಹಸಿವು ಹೋಗಲ್ಲ."

"ಉಪವಾಸ ಮಾಡಿಸ್ತಿದ್ವಿ ಸ್ವಾಮಿ..." ಎಂದಳು ಅಮ್ಮ.

"ಉಪವಾಸಕ್ಕೆ ಬಗ್ಗೋ ಕಾಯಿಲೆ ಅಲ್ಲ. ಮದರಾಸಿಗೆ ಕರ್ಕೊಂಡು ಹೋಗಿ ಆಪರೇಷನ್ ಮಾಡಿಸ್ಬೇಕು. ಆದ್ರೆ ತುಂಬಾ ತಡವಾಗಿದೆ, ಉಳಿಯೋದು ಕಷ್ಟ."

ಅಮ್ಮ ಹೊರಗೆ ಬಂದು ಜಗಲಿಯ ಮೇಲೆ ಕುಸಿದು ಕೂತಳು. ಮಗಳ ಮೈಮೇಲೆ ಬಾಸುಂಡೆ ಇನ್ನೂ ಆರಿರಲಿಲ್ಲ.

ಗಿರಿಜೆ ನನ್ನ ಕೈ ಹುಡುಕಿ ಹಿಡಿದುಕೊಂಡಳು. "ಅಕ್ಕ, ಡಾಕ್ಟ್ರು ಹೇಳಿದ್ದು ಕೇಳಿಸ್ಕೊಂಡ್ಯಾ? ನಾನು ಹೊಟ್ಟೆಬಾಕಿ ಅಲ್ವಂತೆ ಕಣೇ!" ಎಂದಳು. ಅವಳ ಮುಖದಲ್ಲಿ ನಗು ನೋಡಿ ಎಷ್ಟೋ ಕಾಲವಾಗಿತ್ತು.

ಮದರಾಸಿಗೆ ಹೊರಡುವ ಮೊದಲೇ ಅವಳು ಹೋಗಿಬಿಟ್ಟಳು.

ಈಗಲೂ ದಪ್ಪಗಿರುವ ಮಕ್ಕಳನ್ನು ಊಟದೆಲೆಯ ಮುಂದೆ ಯಾರಾದರೂ ಹಂಗಿಸಿದರೆ ನನಗೆ ಮೈಯೆಲ್ಲಾ ಉರಿಯುತ್ತದೆ, ಜಗಳಕ್ಕೇ ನಿಲ್ಲುತ್ತೇನೆ. ಮನೆಗೆ ಬಂದ ಮೇಲೆ ಅಳು ಬರುತ್ತದೆ. ಸಾವಿನ ಸುದ್ದಿ ಕೇಳಿಯೂ ನನ್ನ ತಂಗಿ ನಕ್ಕಿದ್ದಳು, ಕೊನೆಗೂ ಒಬ್ಬರು ಅವಳ ಮಾತು ನಂಬಿದರೆಂದು.