ಸಾದಿಕಜ್ಜ ಹಾಕಿದ ಗುರುತು

"ಅವ್ವಾ, ಸಾದಿಕಜ್ಜಗ ಕಾಲ್ಬೆರಳ ಯಾಕ ಇಲ್ಲ?"

ಐಶ್ವರ್ಯ ಕೇಳಿದ್ದು ಅಜ್ಜನ ಎದುರಿಗೇ. ಸುನಿತಾ ನಾಚಿ ಮಗಳ ತೊಡೆ ಚಿವುಟಿದಳು. ಸಾದಿಕ ಮಾತ್ರ ನಕ್ಕ. "ಹಿಮದಾಗ ಇಟ್ಟ ಬಂದೀನಿ ಬೇಟಾ. ಇಲಿ ಏನ ಕಡದಿಲ್ಲ."

ಅಳವಂಡಿ ಊರಿಗೆಲ್ಲ ಗೊತ್ತಿದ್ದ ಕತೆ ಅದು. ಐವತ್ತು ವರ್ಷದ ಹಿಂದೆ ಸಾದಿಕ, ಅವನ ಗೆಳೆಯ ಗಾದಿಲಿಂಗಪ್ಪ ಸರ್ವೆಯವರ ಸಾಮಾನು ಹೊರುವ ಖಲಾಸಿಗಳಾಗಿ ಹಿಮಾಲಯಕ್ಕೆ ಹೋಗಿದ್ದರು. ಗಂಗಾವತಿ ಕಡೆಯ ಬಂಡೆಗುಡ್ಡಗಳನ್ನು ಬರಿಗಾಲಲ್ಲಿ ಏರಿದ ಕಾಲುಗಳು. ಬ್ರಿಟಿಷರ ಕಾಲದ ನಕಾಶೆಯಲ್ಲಿ ಹೆಸರೂ ಇಲ್ಲದೆ ಬೆಳ್ಳಗೆ ಉಳಿದಿದ್ದ ಜಾಗಕ್ಕೆ ಬಾವುಟ, ದುರ್ಬೀನು ಹೊತ್ತು ಹತ್ತಿದರು. ಇಳಿದು ಬಂದವನು ಸಾದಿಕ ಒಬ್ಬನೇ. ಗೆಳೆಯನನ್ನು ಮಣ್ಣು ಮಾಡಿ, ಕಲ್ಲು ಪೇರಿಸಿ ಬಂದೆ ಎಂದ. ಜಾಗ ಇದು ಎಂದು ಅದೇ ನಕಾಶೆಯ ಮೇಲೆ ಪೆನ್ಸಿಲ್ಲಿನ ಗುರುತು ಹಾಕಿ ಗೆಳೆಯನ ಬಸುರಿ ಹೆಂಡತಿ ಹುಲಗೆಮ್ಮನ ಕೈಗೆ ಕೊಟ್ಟ.

ಗಂಡನ ಗುರುತಿಗೆ ಹುಲಗೆಮ್ಮ ದಿನಾ ಕುಂಕುಮ ಹಚ್ಚಿದಳು. ಗುರುತು ಮಾಸಿತು, ಮಡಿಕೆಗಳು ಹರಿದವು. ಈಗ ಆಕೆ ಹಾಸಿಗೆ ಹಿಡಿದಿದ್ದಾಳೆ. ಉಸಿರು ಹೋಗುವುದರೊಳಗೆ ಆ ಜಾಗದ ಹಿಡಿ ಮಣ್ಣು ತಂದು ಅವ್ವನ ಕೈಗಿಡುತ್ತೇನೆಂದು ಅಪ್ಪನ ಮುಖ ಕಾಣದ ಮಗಳು ಮಹೇಶ್ವರಿ ರೈಲಿನ ಟಿಕೆಟು ಮಾಡಿಸಿದ್ದಾಳೆ. ಸಾಲಿಯಲ್ಲಿ ಭೂಗೋಳ ಕಲಿಸುವ ಸುನಿತಾಳಿಗೆ ನಕಾಶೆ ಕೊಟ್ಟು, ಹೊಸ ಹಾಳೆಗೆ ಇಳಿಸಿಕೊಡಿ ಎಂದಿದ್ದಾಳೆ.

ಅದನ್ನು ಕೇಳಿಯೇ ಸಾದಿಕ ಬಂದದ್ದು. ಸುನಿತಾ ಮಗಳನ್ನು ಆಡಲು ಹೊರಗೆ ಕಳಿಸಿದಳು. ಗೆರೆಗಳೆಲ್ಲ ಇಳಿದಿದ್ದವು, ಗುರುತೊಂದೇ ಬಾಕಿ.

"ಅಲ್ಲಿಗೆ ಹೋದ್ರ ಮಹೇಶ್ವರಿ ತಿರುಗಿ ಬರಂಗಿಲ್ರಿ ಅಕ್ಕಾರ," ಎಂದ ಸಾದಿಕ.

"ಮತ್ತ ಅಲ್ಲೇ ಅಲ್ಲೇನ್ರಿ ಅವರನ್ನ ಮಣ್ಣ ಮಾಡಿದ್ದು?"

"ಅಲ್ಲಿ ಮಣ್ಣ ಎಲ್ಲಿಂದ ಬರಬೇಕ್ರಿ? ಬರೇ ಬರ್ಫ. ಮೂರು ದಿನ ಕಣ್ಣಿಗೆ ಕೈ ಕಾಣಲಿಲ್ಲ. ಅಂವಾ ಕುಂತಾಂವ ಏಳಲಿಲ್ಲ. ಉಸುರು ಇತ್ತೋ ಇಲ್ಲೋ, ಮುಟ್ಟಿ ನೋಡಲಿಲ್ಲ. ಬಿಟ್ಟು ಬಂದೆ. ಎಲ್ಲಿ ಅಂತ ನನಗೂ ತಿಳೀದು."

"ಈ ಗುರುತು?"

"ಹುಲಗೆಮ್ಮ ಎಲ್ಲಿ, ಎಲ್ಲಿ ಅಂತ ಅಂಗಿ ಹಿಡಕೊಂಡ್ಲು. ಹೊಟ್ಟ್ಯಾಗ ಕೂಸು. ಕೈ ಹೋದಲ್ಲಿ ಹಾಕಿಬಿಟ್ಟೆ."

ಸುನಿತಾ ಪೆನ್ಸಿಲ್ ಕೆಳಗಿಟ್ಟಳು. ಅಂಗಳದಲ್ಲಿ ಐಶ್ವರ್ಯ ಕುಂಟಾಬಿಲ್ಲೆ ಆಡುತ್ತಿದ್ದಳು.

ಸಾದಿಕ ಹೊಸ ಹಾಳೆಯ ಬಿಳಿಯ ಜಾಗದಿಂದ ಹೊಳೆಯ ನೀಲಿಗೆರೆ ಹಿಡಿದು ಬೆರಳು ಇಳಿಸುತ್ತ ಬಂದ. ಕೆಳಗೆ ಒಂದು ಸೇತುವೆಯ ಹತ್ತಿರ ನಿಲ್ಲಿಸಿದ.

"ಇಲ್ಲಿ ಈಗ ಬಸ್ ಬರ್ತಾವಂತ. ಮಣ್ಣೂ ಐತಿ. ಗುರುತು ಇಲ್ಲಿ ಹಾಕ್ರಿ ಅಕ್ಕಾರ, ನಿಮ್ಮ ಕೈಲೆ."