ಜೆಟ್ಟಿಯ ಮೇಲೆ ಬಿಟ್ಟ ಚಪ್ಪಲಿ

ಕೊಚ್ಚಿಯ ಜೆಟ್ಟಿಯಲ್ಲಿ ದೋಣಿ ಹತ್ತುವ ಮುಂಚೆ, ಹಂಗಳದ ನಮ್ಮ ದೊಡ್ಡವ್ವ ಹೊಸ ಚಪ್ಪಲಿಯನ್ನು ದಡದಲ್ಲೇ ಬಿಟ್ಟು ಬರಿಗಾಲಲ್ಲಿ ಒಳಗೆ ಕಾಲಿಟ್ಟಳು. ಸಮುದ್ರ ನೋಡಲು ಹೊರಟಾಗ ಗುಂಡ್ಲುಪೇಟೆಯಲ್ಲಿ ಆಸೆಪಟ್ಟು ಕೊಂಡ ಚಪ್ಪಲಿ ಅದು. ಸುತ್ತಲಿದ್ದವರೆಲ್ಲ ನೋಡುತ್ತಿದ್ದರು. ನನಗೋ ವಿಪರೀತ ಮುಜುಗರ.

“ಆಕ್ಕಂಡು ಬಾ ದೊಡ್ಡವ್ವ, ಯಾರಾದ್ರೂ ಎತ್ಕಂಡೋಯ್ತರೆ” ಎಂದೆ.

“ಗಂಗಮ್ಮನ ಮ್ಯಾಲೆ ಮೆಟ್ಟಾಕ್ಕಂಡು ಕೂತ್ಕಳಕ್ಕಾದದಾ? ಓದ್ರೆ ಓಗ್ಲಿ ಬುಡು ಕಣಮ್ಮಿ!”

ಕೈಮುಗಿದು ಕೂತವಳು ನೀರಿನಿಂದ ಮೇಲೇಳುವ ಚೀನೀ ಮೀನುಬಲೆಗಳನ್ನು, ದಡದ ಹಳೇ ಉಗ್ರಾಣಗಳನ್ನು, ಚರ್ಚಿನ ಗೋಪುರವನ್ನು ಕಣ್ಣರಳಿಸಿ ನೋಡಿದಳು. ನನ್ನ ತಲೆಯಲ್ಲಿ ಮಾತ್ರ ಚಪ್ಪಲಿಯದೇ ಚಿಂತೆ. ಇವಳನ್ನು ಬರಿಗಾಲಲ್ಲಿ ಊರಿಗೆ ಕರೆದೊಯ್ದರೆ ದೊಡ್ಡಪ್ಪ ಸುಮ್ಮನಿರುತ್ತಾರೆಯೇ?

ಸುತ್ತು ಮುಗಿಸಿ ದೋಣಿ ಅದೇ ಜೆಟ್ಟಿಗೆ ಮರಳಿತು. ಅವಳ ಚಪ್ಪಲಿ ಇಟ್ಟಲ್ಲೇ ಇತ್ತು. ಅದರ ಪಕ್ಕ ಬೂಟು, ಹೈಹೀಲ್ಸ್, ಮಕ್ಕಳ ಪುಟ್ಟ ಶೂಗಳು ಸಾಲಾಗಿದ್ದವು. ಇಲ್ಲಿ ಬಿಚ್ಚಿಡುವುದೇ ಪದ್ಧತಿ ಎಂದುಕೊಂಡು ಮುಂದಿನ ದೋಣಿಯವರೆಲ್ಲ ಬರಿಗಾಲಲ್ಲಿ ಹತ್ತುತ್ತಿದ್ದರು! ದೊಡ್ಡವ್ವ ಮಾತ್ರ ಏನೂ ಆಗದವಳಂತೆ ತನ್ನ ಜೋಡಿಯನ್ನು ಮೆಟ್ಟಿಕೊಂಡು ನಡೆದಳು.

ಬಲೆ, ಚರ್ಚು, ಸಮುದ್ರ ಎಲ್ಲದರ ಫೋಟೊ ನನ್ನ ಮೊಬೈಲಿನಲ್ಲಿದೆ. ಮನೆಗೆ ಬಂದವರಿಗೆ ನಾನು ಮೊದಲು ತೋರಿಸುವುದು ಆ ಚಪ್ಪಲಿಗಳ ಸಾಲನ್ನು.