ಮೂವತ್ತೊಂದು ಮನೆಯ ಮಾತು

ಕೆಲೆಬೋನೆ ನನ್ನ ತಾಯಿಯ ಅಕ್ಕ. ಜೋಹಾನ್ಸ್‌ಬರ್ಗಿನ ಬಿಳಿಯರ ಮನೆಗಳಿಂದ ಬಟ್ಟೆಯ ಗಂಟುಗಳನ್ನು ರೈಲಿನಲ್ಲಿ ಕ್ಲಿಪ್‌ಟೌನಿಗೆ ತಂದು, ಒಗೆದು, ಇಸ್ತ್ರಿ ಮಾಡಿ ಮರಳಿ ಮುಟ್ಟಿಸುವುದು ಅವಳ ಕಸುಬು. ಓದುಬರಹ ಬಾರದು. ಆದರೂ ಆರು ಮನೆಯ ಬಟ್ಟೆ ಒಂದೇ ಹಗ್ಗದ ಮೇಲೆ ಒಣಗಿದರೆ ಒಂದು ಕರವಸ್ತ್ರವೂ ಮನೆ ತಪ್ಪುತ್ತಿರಲಿಲ್ಲ.

೧೯೫೫ರಲ್ಲಿ ನಮ್ಮ ಮೈದಾನದಲ್ಲಿ ದೇಶದ ಜನರೆಲ್ಲ ಸೇರುವುದೆಂದು ಗೊತ್ತಾಯಿತು. ಪ್ರತಿ ಊರು, ಪ್ರತಿ ಬೀದಿ ತನಗೇನು ಬೇಕೆಂದು ಬರೆದು ಕೊಡಬೇಕಿತ್ತು; ಅವನ್ನೆಲ್ಲ ಸೇರಿಸಿ ಮಾಡಿದ ಸನ್ನದನ್ನು ಅಲ್ಲಿ ಓದುವುದಿತ್ತು. ನಮ್ಮ ಬೀದಿಯ ಮೂವತ್ತೊಂದು ಮನೆಗೆ ರಂಟಾವೋ ಮೇಷ್ಟ್ರು ನೋಟುಪುಸ್ತಕ ಹಿಡಿದು ಹೊರಟರು. ಬಾಗಿಲು ತೆಗೆಸಲು ದೊಡ್ಡಮ್ಮ ಜೊತೆಗೆ ಹೋದಳು. ಒಬ್ಬಳಿಗೆ ನಲ್ಲಿ ಬೇಕು, ಒಬ್ಬಳಿಗೆ ಗಂಡ ತನ್ನ ಜೊತೆಯಲ್ಲೇ ಇರಲು ಪರವಾನಗಿ ಬೇಕು. ಮುದುಕ ಸೆಖೋಟೊ ಮಾತ್ರ, "ಬರ್ಕೊಳ್ಳಿ ಮೇಷ್ಟ್ರೇ, ಮನೇಲಿ ಬಿಯರ್ ಕಾಯಿಸಿದ್ರೆ ಪೊಲೀಸ್ರು ಬಂದು ನನ್ ಮಡಕೆ ಒಡೀಬಾರ್ದು" ಎಂದ.

"ಅಜ್ಜಾ, ಇದು ದೇಶದ ವಿಷಯ."

"ಬರೀರಿ ಮೇಷ್ಟ್ರೇ," ಎಂದಳು ದೊಡ್ಡಮ್ಮ. "ಅವನ ಮಡಕೆ ಒಡೆದಿದ್ದೂ ಇದೇ ದೇಶದಲ್ಲೇ."

ಮೇಷ್ಟ್ರು ಬರೆದುಕೊಂಡರು.

ಜೂನ್ ನಮ್ಮಲ್ಲಿ ಚಳಿಗಾಲ, ಕೊರೆಯುವ ಚಳಿ. ಸಾವಿರಾರು ಜನ ಸೇರಿದ್ದರು. ಮೇಷ್ಟ್ರು, ದೊಡ್ಡಮ್ಮ, ನಾನು ಮೂವರೂ ಎರಡು ದಿನ ಅಲ್ಲೇ ಇದ್ದೆವು. ಎಲ್ಲರಿಗೂ ಮನೆ ಸಿಗಬೇಕೆಂಬ ಸಾಲನ್ನು ವೇದಿಕೆಯ ಮೇಲೆ ಓದಿದಾಗ ದೊಡ್ಡಮ್ಮ ಎದ್ದು ನಿಂತು ಕೈಯೆತ್ತಿದಳು. ಎರಡನೆಯ ದಿನ ಮಧ್ಯಾಹ್ನ ಬಂದೂಕು ಹಿಡಿದ ಪೊಲೀಸರು ಮೈದಾನವನ್ನು ಸುತ್ತುವರಿದರು. ಜನ ಎದ್ದು ನಿಂತು ಹಾಡತೊಡಗಿದರು. ಪೊಲೀಸರು ಒಬ್ಬೊಬ್ಬರನ್ನೇ ಕರೆದು ಹೆಸರು ಬರೆದುಕೊಂಡು, ಕೈಯಲ್ಲಿದ್ದ ಕಾಗದಗಳನ್ನೆಲ್ಲ ಕಸಿದುಕೊಂಡರು. ಮೇಷ್ಟ್ರ ನೋಟುಪುಸ್ತಕವೂ ಹೋಯಿತು, ಪೆನ್ಸಿಲೂ ಹೋಯಿತು.

ದೊಡ್ಡಮ್ಮನ ಸರದಿ ಬಂತು.

"ಕಾಗದ ಎಲ್ಲಿ?"

"ಇಲ್ಲ ಸ್ವಾಮಿ."

"ಮತ್ತೆ ಇಲ್ಲಿಗ್ಯಾಕೆ ಬಂದೆ?"

"ನಮ್ಮ ಬೀದಿಯೋರು ಕಳಿಸಿದ್ರು."

"ನಿನ್ನನ್ನೇ ಯಾಕೆ?"

"ನಂಗೆ ಮರೆವಿಲ್ಲ ಅಂತ."

ಅವನು ಅವಳ ಚೀಲ ಕೊಡವಿದ. ಅರ್ಧ ಬ್ರೆಡ್ಡು, ಒಂದು ಬಾಚಣಿಗೆ ಬಿತ್ತು. "ಹೋಗು ಮುದುಕಿ" ಎಂದ. ಅವಳಿಗಾಗ ಮೂವತ್ತಾರು. "ನಾನು ಮುದುಕಿ ಥರ ಕಾಣ್ತೀನೇನೇ?" ಎಂದು ಅವಳು ನನ್ನನ್ನು ದಾರಿಯಲ್ಲಿ ಎರಡು ಸಲ ಕೇಳಿದಳು.

ಮೇಷ್ಟ್ರು ರೈಲು ಹಳಿಯ ಪಕ್ಕದಲ್ಲಿ ಕುಸಿದು ಕೂತರು. "ಎಲ್ಲಾ ಹೋಯ್ತು ಕೆಲೆಬೋನೆ. ಒಂದಕ್ಷರಾನೂ ಉಳೀಲಿಲ್ಲ."

"ಎಲ್ಲಿಗೆ ಹೋಯ್ತು? ಏಳಿ. ಮೊದಲನೇ ಮನೆ, ನಲ್ಲಿ. ಎರಡನೇ ಮನೆ..."

ಸಾಲು ತಪ್ಪದೆ, ಒಬ್ಬೊಬ್ಬರ ದನಿಯಲ್ಲೇ, ತೊದಲುವವನ ತೊದಲನ್ನೂ ಕೆಮ್ಮುವವನ ಕೆಮ್ಮನ್ನೂ ಬಿಡದೆ ಹೇಳುತ್ತ ಹೋದಳು. ಮೂವತ್ತೊಂದನೆಯದು ಮುಗಿಯುವ ಹೊತ್ತಿಗೆ ನಾವು ಬೀದಿಯ ತಿರುವಿಗೆ ಬಂದಿದ್ದೆವು. ಮೇಷ್ಟ್ರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಡೆಯುತ್ತಿದ್ದರು. ಅವರು ಹೆಂಗಸರೆದುರು ಟೋಪಿ ತೆಗೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮುಂದಿನ ಭಾನುವಾರ ಚರ್ಚು ಬಿಟ್ಟ ಮೇಲೆ ಅವಳು ಮನೆಮನೆಗೆ ಹೋಗಿ, ಮೈದಾನದಲ್ಲಿ ಏನೇನು ಓದಿದರು, ಅದರಲ್ಲಿ ಯಾರ ಮಾತು ಎಲ್ಲಿ ಸೇರಿದೆ ಎಂದು ಒಪ್ಪಿಸಿ ಬಂದಳು. ಅಂದಿನಿಂದ ಜನ ಅವಳನ್ನು ಬೀದಿಯ ಪುಸ್ತಕ ಎಂದೇ ಕರೆದರು. ಜನನ, ಮರಣ, ಯಾರನ್ನು ಯಾವತ್ತು ಹಿಡಿದುಕೊಂಡು ಹೋದರು, ಎಲ್ಲಕ್ಕೂ ಅವಳನ್ನೇ ಕೇಳುತ್ತಿದ್ದರು. ಬಟ್ಟೆ ಒಗೆಯುವುದನ್ನು ಅವಳು ಬಿಟ್ಟದ್ದು ಎಪ್ಪತ್ತು ದಾಟಿದ ಮೇಲೆ.

ಸಭೆಗೆ ಐವತ್ತು ವರ್ಷ ತುಂಬಿದಾಗ ಮೈದಾನಕ್ಕೆ ಕಲ್ಲು ಹಾಸಿ ಕಂಬಗಳನ್ನು ನಿಲ್ಲಿಸಿದ್ದರು. ಎಂಬತ್ತಾರರ ದೊಡ್ಡಮ್ಮನನ್ನೂ ಮೈಕಿನ ಮುಂದೆ ಕರೆದರು. ಮೊದಲನೆಯ ಮನೆಯಿಂದ ಶುರುಮಾಡಿದಳು. ಸೆಖೋಟೊನ ಮಡಕೆ ಬಂದಾಗ ಜನ ನಕ್ಕರು. ಅವನ ಮೊಮ್ಮಗಳು ಮಾತ್ರ ಅತ್ತಳು. ಸ್ವಲ್ಪ ಹೊತ್ತಿಗೆ ಕಾರ್ಯಕ್ರಮ ನಡೆಸುವ ಯುವಕ ಹತ್ತಿರ ಬಂದು, "ಅಜ್ಜಿ, ಸಮಯ ಆಯ್ತು" ಎಂದು ಪಿಸುಗುಟ್ಟಿದ.

"ಇನ್ನೂ ಹದಿನಾಲ್ಕು ಮನೆ ಇವೆ ಮಗಾ. ಕೂತ್ಕೊ."

ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತುಕೊಂಡ.